ಮೂರು ಚುಕ್ಕಿಯ ಸಮುದ್ರ

ಸೀಲಪ್ಪನ ಹೆಂಡತಿ ಸಮುದ್ರ ನೋಡಿರಲಿಲ್ಲ. ಇದೇನು ಅಂಥ ದೊಡ್ಡ ಸಂಗತಿಯಲ್ಲ, ಸಮುದ್ರ ನೋಡದೆ ನೆಮ್ಮದಿಯಾಗಿ ಬದುಕಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆಕೆ ಅದನ್ನು ಹೇಳುವುದಕ್ಕೆ ಹೊತ್ತು ನೋಡುತ್ತಿದ್ದಳು. ಗಂಡ ಊಟಕ್ಕೆ ಕೂತು, ಮೊದಲನೆಯ ತುತ್ತು ಬಾಯಿಗಿಟ್ಟು, ಅಗಿಯಲೂ ಆಗದೆ ಉಗುಳಲೂ ಆಗದೆ ಇರುವ ಆ ಒಂದು ಗಳಿಗೆ ಇದೆಯಲ್ಲ, ಸರಿಯಾಗಿ ಆಗಲೇ ಹೇಳುತ್ತಿದ್ದಳು.

"ಇಪ್ಪತ್ತೆರಡು ವರ್ಷದಿಂದ ಅಲೆ ಉಜ್ಜಿ ಉಜ್ಜಿ ನನ್ನ ಹೆಬ್ಬೆರಳು ಸವೆದು ಹೋಯ್ತು. ಅಲೆ ಅಂದ್ರೆ ಹೇಗಿರತ್ತೆ ಅಂತ ಕಣ್ಣಲ್ಲಿ ನೋಡಲಿಲ್ಲ."

ಈ ಮಾತಿನ ಹಿಂದೆ ಒಂದು ವೃತ್ತಾಂತವಿದೆ. ಸೀಲಪ್ಪ ರಬ್ಬರ್ ಸೀಲು ಕೆತ್ತುವವನು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆ ಹೆಸರಿನಲ್ಲಿ ಕೂಗಿದರೆ ಈಗ ಅವನೇ ಹಿಂತಿರುಗಿ ನೋಡುವುದಿಲ್ಲ. ಮನೆಯ ಮುಂದಿನ ಎಂಟಡಿ ಜಾಗವೇ ಅಂಗಡಿ. ಅಲ್ಲಿಗೆ ಬರುವ ಖಾಯಂ ಗಿರಾಕಿಗಳಲ್ಲಿ ಮೀನು ಸಾಗಿಸುವ ಕಂಪನಿಯೊಂದಿತ್ತು. ಅವರ ಸೀಲಿನ ಮೇಲೆ ಒಂದು ದೋಣಿ, ದೋಣಿಯ ಕೆಳಗೆ ಮೂರು ಅಲೆಯ ಗೆರೆ. ವರ್ಷಕ್ಕೆ ನಾಲ್ಕಾದರೂ ಸೀಲು ಬೇಕು ಅವರಿಗೆ. ತೆಳು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು, ಕಾಗದವನ್ನು ಬೋರಲಾಗಿ ರಬ್ಬರಿನ ಮೇಲಿಟ್ಟು, ಚಮಚದ ಬೆನ್ನಿನಿಂದ ಉಜ್ಜಿದರೆ ಚಿತ್ರ ರಬ್ಬರಿಗೆ ಉಲ್ಟಾ ಇಳಿಯುತ್ತದೆ. ಉಲ್ಟಾ ಕೆತ್ತಿದರೆ ತಾನೇ ಒತ್ತಿದಾಗ ನೆಟ್ಟಗೆ ಬರುವುದು! ಬೋರಲು ಹಾಕಿ ಉಜ್ಜುವುದು ಹೆಂಡತಿಯ ಇಲಾಖೆ, ಕೆತ್ತುವುದು ಗಂಡನ ಇಲಾಖೆ. ಒಬ್ಬರ ಇಲಾಖೆಗೆ ಇನ್ನೊಬ್ಬರು ಕೈಹಾಕುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. (ಇರಲಿಲ್ಲ ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.)

ಒಂದು ದಿನ ಸೀಲಪ್ಪ ತುತ್ತನ್ನು ಹೇಗೋ ನುಂಗಿ, "ಆಯ್ತು ಮಾರಾಯ್ತಿ, ಮಹಾನಗರಕ್ಕೆ ಹೋಗೋಣ. ಬೆಳಗ್ಗೆ ರೈಲು ಹತ್ತಿದ್ರೆ ಸಂಜೆ ಆರರ ರೈಲಿಗೆ ವಾಪಸ್ಸು. ಸಮುದ್ರಾನೂ ತೋರಿಸ್ತೀನಿ, ಸಮುದ್ರದ ಅಪ್ಪನ್ನೂ ತೋರಿಸ್ತೀನಿ" ಎಂದುಬಿಟ್ಟ.

ಹೆಂಡತಿ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, "ಹಾಗಾದ್ರೆ ಅಣ್ಣನಿಗೆ ಹೇಳಿ ಕಳಿಸ್ಲಾ?" ಎಂದಳು.

ಅಲ್ಲಿಗೆ ಸೀಲಪ್ಪನ ಹೊಟ್ಟೆ ತುಂಬಿತು.

ಈ ಅಣ್ಣ, ಅಂದರೆ ಸೀಲಪ್ಪನ ಭಾವ, ಸಾಮಾನ್ಯ ಮನುಷ್ಯನಲ್ಲ. ಸಾಗಾಣಿಕೆ ಕಚೇರಿಯಲ್ಲಿ ಕೆಲಸ. ಯಾವ ಊರಿನ ಹೆಸರು ಹೇಳಿದರೂ "ಅಲ್ಲಿಗಾ? ನಿದ್ದೆಗಣ್ಣಲ್ಲೂ ಹೋಗಿ ಬರ್ತೀನಿ" ಎನ್ನುವವನು. ಹೋದ ವರ್ಷ ಎಲ್ಲರನ್ನೂ ಜಲಪಾತಕ್ಕೆ ಕರೆದುಕೊಂಡು ಹೋಗಿದ್ದ, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು. ಸೀಟಿ ಊದಿದರೆ ನೋಡಬೇಕು, ಇನ್ನೊಂದು ಸಲ ಊದಿದರೆ ಹೊರಡಬೇಕು. ಎರಡು ಸೀಟಿಯ ನಡುವೆ ಸೀಲಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಆದ್ದರಿಂದ ಅವನ ಪಾಲಿಗೆ ಜಲಪಾತವೆಂದರೆ ಇವತ್ತಿಗೂ ಒಂದು ಶಬ್ದ ಮಾತ್ರ.

"ಈ ಸಲ ನಾನೇ ಲೀಡರು" ಎಂದ ಸೀಲಪ್ಪ.

ಸುದ್ದಿ ಭಾವನಿಗೆ ಮುಟ್ಟಿತು. ಭಾವ ಬಂದು, ಕುರ್ಚಿ ಎಳೆದುಕೊಂಡು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ.

"ನೀವಾ? ನಮ್ಮ ತಂಗಿ ಮದುವೆ ದಿನ ಛತ್ರದಲ್ಲಿ ಕೈ ತೊಳೆಯೋ ಜಾಗ ಎಲ್ಲಿ ಅಂತ ಏಳು ಜನರನ್ನ ಕೇಳಿದವರು ನೀವು. ಹೆಜ್ಜೆ ಹೆಜ್ಜೆಗೂ ದಾರಿ ಕೇಳ್ಕೊಂಡು ಹೋಗೋದೂ ಒಂದು ಲೀಡರ್‌ಗಿರಿಯಾ?"

"ಒಬ್ಬರನ್ನೂ ಕೇಳಲ್ಲ."

"ಕೇಳಿದ್ರೆ?"

"ಕೇಳಿದ್ರೆ ಬದುಕಿರೋತನಕ ನಿಮ್ಮ ಸೀಟಿ ಹಿಂದೆ ಬರ್ತೀನಿ, ಭಾವ!"

ಭಾವ ಎದ್ದು ಕೈಕುಲುಕಿ ಹೊರಟುಹೋದ. ಬಾಗಿಲ ಹತ್ತಿರ ನಿಂತು, "ಅಮ್ಮನೂ ಬರ್ತಾಳೆ ನಿಮ್ಮ ಜೊತೆ. ಸಾಕ್ಷಿಗೆ" ಎಂದ.

ಹೀಗಾಗಿ ಪ್ರವಾಸ ಮಹಾಮಂಡಳಿಯಲ್ಲಿ ನಾಲ್ವರಾದರು: ಅಧ್ಯಕ್ಷ ಸೀಲಪ್ಪ, ಹೆಂಡತಿ, ಹದಿನಾಲ್ಕು ವರ್ಷದ ಮಗಳು, ಮಂಡಿನೋವಿನ ಅತ್ತೆ. ಮೊದಲನೆಯ ಸಭೆಯಲ್ಲೇ ಅಧ್ಯಕ್ಷರು ಕಾನೂನು ಓದಿದರು.

"ಯಾರೂ ಯಾರನ್ನೂ ದಾರಿ ಕೇಳಕೂಡದು. ಯಾರಾದ್ರೂ ತಾವಾಗೇ ಹೇಳಿದ್ರೂ ಅದನ್ನ ನನ್ನ ಕಿವಿಗೆ ಹಾಕಕೂಡದು."

"ಫೋನಲ್ಲಿ ನೋಡಬಹುದಲ್ಲಪ್ಪಾ?" ಎಂದಳು ಮಗಳು.

"ಅದರಲ್ಲಿ ಒಬ್ಬಳು ಹೆಂಗಸು ಮಾತಾಡ್ತಾಳಲ್ಲ, ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಅಂತ? ಅವಳನ್ನ ಕೇಳಿದ್ರೂ ಕೇಳಿದ ಹಾಗೇ. ಫೋನು ಮನೇಲಿರಲಿ."

"ಬಾಯಾರಿದ್ರೆ ನೀರು ಕೇಳಬಹುದಾ ಅಳಿಯಂದಿರೇ?" ಎಂದರು ಅತ್ತೆ.

"ನೀರು ಕೇಳಬಹುದು ಅತ್ತೆ. ನೀರು ಎಲ್ಲಿದೆ ಅಂತ ಕೇಳಕೂಡದು."

ಅತ್ತೆ ತಲೆದೂಗಿದರು. ಅವರು ಕಾನೂನಿಗೆ ಬಹಳ ಮರ್ಯಾದೆ ಕೊಡುವವರು.

ಇನ್ನು ಭೂಪಟ. ಗ್ರಂಥಾಲಯದ ಗೋಡೆಯ ಮೇಲೆ ಮಹಾನಗರದ ದೊಡ್ಡ ಪಟವಿತ್ತು. ಮಗಳು ಅದರ ಮೇಲೆ ತೆಳು ಕಾಗದವಿಟ್ಟು ರಸ್ತೆಗಳನ್ನಷ್ಟೇ ಗೆರೆಯಾಗಿ ಎತ್ತಿಕೊಂಡು ಬಂದಳು. ಸೀಲಪ್ಪನಿಗೆ ಅದ್ಭುತವಾದ ಯೋಚನೆ ಹೊಳೆಯಿತು: ಇದನ್ನೇ ರಬ್ಬರಿನಲ್ಲಿ ಕೆತ್ತಿ ಒತ್ತಿದರೆ ತಲೆಗೊಂದು ಪ್ರತಿ! ಭಾವನ ಹತ್ತಿರ ಸೀಟಿಯಿದೆ, ಭೂಪಟ ಎಲ್ಲಿದೆ? ನಡುವೆ ರೈಲ್ವೆ ಸ್ಟೇಷನ್ನಿಗೊಂದು ಚೌಕ. ಒಂದು ಚುಕ್ಕಿ ವಸ್ತುಸಂಗ್ರಹಾಲಯಕ್ಕೆ, ಎರಡು ಚುಕ್ಕಿ ಉದ್ಯಾನವನಕ್ಕೆ, ಮೂರು ಚುಕ್ಕಿ ಸಮುದ್ರಕ್ಕೆ. ಒಂದಕ್ಷರವೂ ಬೇಡ.

ಎಡವಟ್ಟಾದದ್ದು ಇಲ್ಲೇ ನೋಡಿ. ಆ ಮಧ್ಯಾಹ್ನ ಹೆಂಡತಿ ಅಂಗಡಿಗೆ ಸಾಮಾನು ತರಲು ಹೋಗಿದ್ದಳು. ಲೀಡರನಿಗೆ ತಾಳ್ಮೆ ಎಲ್ಲಿಯದು? 'ಪಾಪ, ಅವಳಿಗೂ ಸಾವಿರ ಕೆಲಸ. ತಿರುವುವ ಕೆಲಸ ನಾನೇ ಮಾಡಿಡುತ್ತೇನೆ' ಎಂದು ಕಾಗದವನ್ನು ಮಗುಚಿ, ಬೆನ್ನಿನ ಕಡೆ ಎಲ್ಲ ಗೆರೆಗಳನ್ನೂ ಪೆನ್ಸಿಲ್ಲಿನಲ್ಲಿ ದಪ್ಪಗೆ ತಿದ್ದಿಟ್ಟು ಮಲಗಿದ. ಹೆಂಡತಿ ಬಂದಳು, ಪೆನ್ಸಿಲ್ ಗೆರೆ ಮೇಲಿರುವ ಕಾಗದ ನೋಡಿದಳು, 'ಪಾಪ, ದಣಿದಿದ್ದಾರೆ, ಎಬ್ಬಿಸುವುದೇಕೆ' ಎಂದು ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಬೋರಲು ಹಾಕಿ ಉಜ್ಜಿದಳು. ಅವನೂ ತಿರುವಿದ, ಅವಳೂ ತಿರುವಿದಳು. ಉಲ್ಟಾದ ಉಲ್ಟಾ ನೆಟ್ಟಗಾಗಿ ರಬ್ಬರಿಗೆ ಇಳಿಯಿತು, ಒತ್ತಿದಾಗ ಮಹಾನಗರವೇ ಉಲ್ಟಾ ಆಗಿ ಕೂತಿತು. ಅಕ್ಷರ ಇದ್ದಿದ್ದರೆ ಸೀಲಪ್ಪ ಕಣ್ಣುಮುಚ್ಚಿಕೊಂಡೂ ಹಿಡಿಯುತ್ತಿದ್ದ. ಬರೀ ಗೆರೆಗೆ ಮುಖ ಯಾವುದು, ಬೆನ್ನು ಯಾವುದು? ಗಂಡ ಹೆಂಡಿರು ಒಬ್ಬರಿಗೊಬ್ಬರು ಸಹಾಯ ಮಾಡಿದ ಆ ಒಂದೇ ಒಂದು ದಿನ ಎಡಕ್ಕಿದ್ದ ಊರು ಬಲಕ್ಕೂ, ಬಲಕ್ಕಿದ್ದ ಸಮುದ್ರ ಎಡಕ್ಕೂ ಹೋಯಿತು.

ಬೆಳಗ್ಗೆ ಎಂಟೂವರೆಗೆ ಮಹಾಮಂಡಳಿ ಮಹಾನಗರದ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟಿತು. ಎದುರಿಗೆ ಬಸ್ಸು, ಆಟೋ, ಜನ, ಗದ್ದಲ. ಸೀಲಪ್ಪ ಭೂಪಟ ಬಿಡಿಸಿ, ಗಂಟಲು ಸರಿಮಾಡಿಕೊಂಡು, "ಎಡಕ್ಕೆ!" ಎಂದು ಅಪ್ಪಣೆ ಕೊಡಿಸಿದ.

"ಎಲ್ಲರೂ ಬಲಕ್ಕೆ ಹೋಗ್ತಿದಾರಲ್ಲಪ್ಪಾ?"

"ಅವರ ಹತ್ತಿರ ಭೂಪಟ ಇಲ್ಲಮ್ಮಾ, ಪಾಪ."

ಮೂರನೆಯ ಅಡ್ಡರಸ್ತೆ, ಬಲಕ್ಕೆ, ಮತ್ತೆ ಎಡಕ್ಕೆ. ಒಂದು ಚುಕ್ಕಿ ಬಂತು. ನೋಡಿ, ದೇವರು ದೊಡ್ಡವನು: ಅಲ್ಲಿ ನಿಜವಾಗಿಯೂ ಒಂದು ದೊಡ್ಡ ಹಳೆಯ ಕಟ್ಟಡವಿತ್ತು. ಒಳಗೆ ಸಾಲು ಸಾಲಾಗಿ ಹಳೆಯ ಮಂಚ, ಕಪಾಟು, ನಿಲುವುಗನ್ನಡಿ, ಗಡಿಯಾರ.

"ನೋಡಿದ್ರಾ?" ಎಂದ ಸೀಲಪ್ಪ, ಗೆದ್ದ ಕುಸ್ತಿಯವನ ಹಾಗೆ. "ವಸ್ತುಸಂಗ್ರಹಾಲಯ!"

ನಾಲ್ವರೂ ಕೈಕಟ್ಟಿಕೊಂಡು ಒಂದೊಂದನ್ನೇ ನೋಡುತ್ತ ಹೋದರು. ಸೀಲಪ್ಪ ವಿವರಣೆ ಕೊಡುತ್ತಿದ್ದ: ಇದು ರಾಜರು ಮಲಗುತ್ತಿದ್ದ ಮಂಚ, ಇದು ರಾಣಿ ತಲೆ ಬಾಚಿಕೊಳ್ಳುತ್ತಿದ್ದ ಕನ್ನಡಿ. ಅತ್ತೆ ಮಂಡಿನೋವು ತಡೆಯಲಾರದೆ ಒಂದು ಕೆತ್ತನೆಯ ಕುರ್ಚಿಯಲ್ಲಿ ಕೂತೇಬಿಟ್ಟರು. ಸೀಲಪ್ಪ ಗಾಬರಿಯಾಗಿ, "ಏಳಿ ಅತ್ತೆ, ಸಿಂಹಾಸನ ಮುಟ್ಟಬಾರದು!" ಎನ್ನುವಷ್ಟರಲ್ಲಿ ಅಂಗಡಿಯವನು ಬಂದ.

"ಕೂತ್ಕೊಳ್ಳಿ ಅಮ್ಮಾ, ಗಟ್ಟಿ ಇದೆ."

"ಯಾವ ರಾಜರದ್ದು ಇದು?" ಎಂದಳು ಮಗಳು.

"ರಾಜರದ್ದಲ್ಲ, ಹಲ್ಲಿನ ಡಾಕ್ಟರದ್ದು. ಮನೆ ಖಾಲಿ ಮಾಡಿದ್ರು, ಹೋದ ವಾರ ಬಂತು. ಮನೆಗೆ ಕಳಿಸ್ಲಾ?"

ಹೊರಗೆ ಬಂದರು. ಹೆಂಡತಿ, "ರೀ, ರಾಣಿಯ ಕನ್ನಡಿಗೆ ಸ್ಟಿಕ್ಕರ್ ಬಿಂದಿ ಅಂಟಿತ್ತು" ಎಂದಳು. ಅತ್ತೆ ಇನ್ನೂ ಬಾಗಿಲಲ್ಲೇ ನಿಂತು ಅಂಗಡಿಯವನ ಜೊತೆ ಹರಟುತ್ತಿದ್ದರು. ಅವನು ಕೈಯೆತ್ತಿ ಎತ್ತಲೋ ತೋರಿಸುತ್ತಿದ್ದ.

ಎರಡು ಚುಕ್ಕಿಗೆ ಹೋಗುವಷ್ಟರಲ್ಲಿ ಹನ್ನೆರಡೂವರೆ. ಸೀಲಪ್ಪನ ತಲೆ ಗೊಂದಲದ ಗೂಡಾಗಿತ್ತು. ಭೂಪಟದಲ್ಲಿ ವೃತ್ತ ಇರುವಲ್ಲಿ ಓಣಿ, ಓಣಿ ಇರುವಲ್ಲಿ ಯಾರದೋ ಬಟ್ಟೆ ಒಣಗುವ ಹಿತ್ತಲು. ಆದರೂ ಕೊನೆಗೆ ಒಂದು ದೊಡ್ಡ ಗೇಟು, ಒಳಗೆ ಹುಲ್ಲು, ಮರದ ನೆರಳು, ಕಲ್ಲು ಬೆಂಚು, ತಣ್ಣಗೆ ಗಾಳಿ! ಸೀಲಪ್ಪನ ಜೀವ ಬಂದ ಹಾಗಾಯಿತು.

ಬುತ್ತಿ ಬಿಚ್ಚಿದರು. ಎಲ್ಲರೂ ಊಟಕ್ಕೆ ಕೂತರು. ಮಗಳು ಕಿತ್ತಳೆ ಸುಲಿಯುತ್ತ ಸುತ್ತ ನೋಡಿದಳು.

"ಅಪ್ಪಾ, ಇಷ್ಟೊಂದು ಕಲ್ಲು ಯಾಕೆ ನೆಟ್ಟಿದಾರೆ? ಎಲ್ಲದರ ಮೇಲೂ ಹೆಸರು ಬರೆದಿದೆ."

"ದಾನಿಗಳ ಹೆಸರಮ್ಮಾ. ಉದ್ಯಾನಕ್ಕೆ ದುಡ್ಡು ಕೊಟ್ಟೋರದ್ದು."

ಮಗಳು ಎದ್ದು ನಾಲ್ಕು ಕಲ್ಲು ಓದಿಕೊಂಡು ಬಂದಳು.

"ಅಪ್ಪಾ, ದಾನ ಮಾಡಿದೋರೆಲ್ಲ ಸತ್ತುಹೋಗಿದಾರೆ. ಒಬ್ಬರೂ ಉಳಿದಿಲ್ಲ."

ಹೆಂಡತಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆಕೆ ಹಿಂತಿರುಗಿ ತಾನು ಒರಗಿ ಕೂತಿದ್ದ ಕಲ್ಲನ್ನು ಓದಿದಳು. ಮೆಲ್ಲಗೆ ಎದ್ದಳು. ಸೆರಗು ಕೊಡವಿಕೊಂಡಳು.

"ರೀ. ಸ್ಮಶಾನದಲ್ಲಿ ಕೂರಿಸಿ ಊಟ ಹಾಕಿಸಿದ್ರಲ್ಲ, ನಿಮ್ಮ ಲೀಡರ್‌ಗಿರಿಗೆ ಏನು ಹೇಳ್ಲಿ?"

"ನಗರ ಅಂದ್ಮೇಲೆ ಬದಲಾಗ್ತಾ ಇರತ್ತೆ ಕಣೇ! ಪಟ ಹಳೇದು. ಮೊದಲು ಉದ್ಯಾನ ಇತ್ತು, ಆಮೇಲೆ..."

"ಆಮೇಲೆ ಉದ್ಯಾನಕ್ಕೆ ಬಂದೋರೆಲ್ಲ ಇಲ್ಲೇ ಉಳ್ಕೊಂಡ್ರಾ?"

ಅತ್ತೆ ಮಾತ್ರ ಕದಲಲಿಲ್ಲ. "ಗದ್ದಲ ಇಲ್ಲ, ಗಾಳಿ ಚೆನ್ನಾಗಿದೆ. ನನಗೆ ಬಹಳ ಹಿಡಿಸ್ತು" ಎಂದು, ಎಲೆ ಗುಡಿಸುತ್ತಿದ್ದ ಕಾವಲುಗಾರನಿಗೆ ಒಂದು ಕಿತ್ತಳೆ ಕೊಟ್ಟು ಅವನ ಸಂಸಾರದ ಸುದ್ದಿ ವಿಚಾರಿಸುತ್ತಿದ್ದರು. ಅವನೂ ಪೊರಕೆಯ ಹಿಡಿಯಿಂದ ಎತ್ತಲೋ ತೋರಿಸುತ್ತಿದ್ದ.

ಹೆಂಡತಿ ಗಂಡನ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದಳು: "ಸಂಗ್ರಹಾಲಯ ಹೋಗ್ಲಿ, ಉದ್ಯಾನ ಹೋಗ್ಲಿ. ಸಮುದ್ರ ಒಂದು ತೋರಿಸಿ ಸಾಕು. ಸಮುದ್ರ ಏನು ಎದ್ದು ಬೇರೆ ಕಡೆ ಹೋಗಲ್ವಲ್ಲ?"

"ಎಲ್ಲಿ ಹೋಗತ್ತೆ? ಅಷ್ಟು ನೀರು ಎತ್ಕೊಂಡು!" ಎಂದ ಸೀಲಪ್ಪ. ನಕ್ಕ. ಭೂಪಟವನ್ನು ಮಾತ್ರ ಮತ್ತೊಮ್ಮೆ ಬಿಡಿಸಿ ನೋಡಿದ.

ಮೂರು ಗಂಟೆಯ ಬಿಸಿಲು. ಒಂದು ಏರುರಸ್ತೆ, ಇನ್ನೊಂದು ಏರುರಸ್ತೆ. ಸಮುದ್ರಕ್ಕೆ ಇಳಿದು ಹೋಗಬೇಕಲ್ಲವೇ, ಇದೇನು ಹತ್ತುತ್ತಿದ್ದೇವೆ ಎಂಬ ಮಾತು ಮಗಳ ಬಾಯಿಗೆ ಬಂತು, ತಾಯಿಯ ಮುಖ ನೋಡಿ ನುಂಗಿಕೊಂಡಳು. ಮೂರು ಚುಕ್ಕಿ ಬಂತು. ರಸ್ತೆ ಮುಗಿಯಿತು. ಎದುರಿಗೆ ಎಂಟು ಸಿಮೆಂಟು ಕಾಲುಗಳ ಮೇಲೆ ನಗರಸಭೆಯ ನೀರಿನ ಟ್ಯಾಂಕು ನಿಂತಿತ್ತು. ಅದರ ಹೊಟ್ಟೆಯಿಂದ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು.

ನಾಲ್ವರೂ ಕತ್ತೆತ್ತಿ ನೋಡಿದರು.

"ನೀರಂತೂ ಇದೆ" ಎಂದರು ಅತ್ತೆ.

ಸೀಲಪ್ಪ ಹೆಂಡತಿಯ ಕಡೆ ನೋಡಿದ. ಈಗ ಬೈಯುತ್ತಾಳೆ, ಬೈಯಲಿ, ಬೈದುಬಿಟ್ಟರೆ ಒಳ್ಳೆಯದು ಎಂದು ಕಾದ. ಆಕೆ ಬೈಯಲಿಲ್ಲ. ಟ್ಯಾಂಕಿನ ನೆರಳಿನಲ್ಲಿ ಕೂತು, ಚಪ್ಪಲಿ ಬಿಚ್ಚಿ, ಅಂಗಾಲು ಒತ್ತಿಕೊಳ್ಳುತ್ತ, "ಪರವಾಗಿಲ್ಲ ಬಿಡಿ. ನನ್ನ ಹಣೇಲಿ ಬರೆದಿಲ್ಲ ಅನ್ನಿಸತ್ತೆ" ಎಂದಳು.

ಮದುವೆಯಾದವರಿಗೆ ಗೊತ್ತು, ಹೆಂಡತಿಯ ಹತ್ತು ಬೈಗುಳ ತಡೆದುಕೊಳ್ಳಬಹುದು, ಒಂದು 'ಪರವಾಗಿಲ್ಲ' ತಡೆದುಕೊಳ್ಳಲಾಗದು. ಒಂದು ಕಡೆ ಭಾವನ ಸೀಟಿ, ಬದುಕಿರುವ ತನಕ. ಇನ್ನೊಂದು ಕಡೆ ಈ ಅಂಗಾಲು. ಅವನು "ಈಗ ಬಂದೆ, ಒಂದು ನಿಮಿಷ" ಎಂದು ಟ್ಯಾಂಕಿನ ಹಿಂದಕ್ಕೆ ಹೋದ. ಅಲ್ಲಿ ಒಬ್ಬ ಅಂಚೆಯವನು ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ಸೀಲಪ್ಪ ಹಿಂದೆ ಮುಂದೆ ನೋಡಿ, ಕಳ್ಳನ ಹಾಗೆ ಪಿಸುಗುಟ್ಟಿದ:

"ಸ್ವಾಮಿ, ಸಮುದ್ರ ಎಲ್ಲಿದೆ?"

ಅಂಚೆಯವನು ಸೀಲಪ್ಪನನ್ನು ಮೇಲಿಂದ ಕೆಳಗೆ ನೋಡಿದ. ಅಷ್ಟು ದೊಡ್ಡ ವಸ್ತುವನ್ನು ಕಳೆದುಕೊಂಡವನನ್ನು ಅವನು ಈ ಮೊದಲು ಕಂಡಿರಲಿಲ್ಲ. ಸೀಲಪ್ಪ ಭೂಪಟ ಬಿಡಿಸಿ ಎರಡೂ ಕೈಯಲ್ಲಿ ಎತ್ತಿಹಿಡಿದು ತಾನೇ ನೋಡತೊಡಗಿದ. ಬಿಸಿಲು ತೆಳು ಕಾಗದದಲ್ಲಿ ಹಾಯ್ದು ಆಚೆ ಬದಿಯಲ್ಲೂ ಗೆರೆ ಕಾಣುತ್ತಿತ್ತು. ಎದುರಿಗೆ ನಿಂತ ಅಂಚೆಯವನು ಆಚೆ ಬದಿಯಿಂದಲೇ ಬೆರಳಿಟ್ಟು ತೋರಿಸಿದ.

"ಇದೇ ಸ್ಟೇಷನ್ನು. ಇಲ್ಲಿಂದ ಬಲಕ್ಕೆ ಹೋದ್ರೆ ಸಮುದ್ರ. ಚೆನ್ನಾಗಿ ಬರೆದಿದೀರಿ. ಆದ್ರೆ ನೀವ್ಯಾಕೆ ಸ್ವಾಮಿ ಬೆನ್ನಿನ ಕಡೆಯಿಂದ ನೋಡ್ತಿದೀರಿ?"

ಸೀಲಪ್ಪ ಕಾಗದ ಮಗುಚಿದ. ಮತ್ತೆ ಮಗುಚಿದ. ಅವನ ಮುಖ ಶಾಯಿ ಪ್ಯಾಡಿನ ಬಣ್ಣಕ್ಕೆ ತಿರುಗಿತು.

"ತಿರುವಿದ್ದು ಯಾರು?" ಎಂಬ ದನಿ ಹಿಂದಿನಿಂದ ಬಂತು. ಹೆಂಡತಿ ಬರಿಗಾಲಲ್ಲಿ ನಿಂತಿದ್ದಳು.

"ನಾನೇ ತಿರುವಿಟ್ಟಿದ್ದೆ. ನಿನಗೆ ಕೆಲಸ ಕಡಿಮೆ ಆಗ್ಲಿ ಅಂತ."

"ಅಯ್ಯೋ! ನಾನೂ ತಿರುವಿದೆನಲ್ರೀ! ಹೇಳಬಾರದಾ ಒಂದು ಮಾತು?"

"ಮಲಗಿದ್ದೆ. ನೀನು ಎಬ್ಬಿಸಬಾರದಾ?"

"ಪಾಪ ಅಂತ ಬಿಟ್ಟೆ!"

"ನಾನೂ ಪಾಪ ಅಂತಾನೇ ಮಾಡಿದ್ದು!"

"ಇನ್ನು ಮೇಲೆ ನನಗೆ ಪಾಪ ಅನ್ನಬೇಡಿ ನೀವು, ಕೈ ಮುಗೀತೀನಿ!"

ಗಂಡ ಹೆಂಡಿರು ಒಬ್ಬರಿಗೊಬ್ಬರು ಕರುಣೆ ತೋರಿಸಿಕೊಂಡಿದ್ದಕ್ಕೆ ಇಷ್ಟು ಜಗಳ ಆಡುವುದನ್ನು ಕಂಡು ಅಂಚೆಯವನು ಗಾಳಿ ಅರ್ಧಕ್ಕೇ ಬಿಟ್ಟು ಸೈಕಲ್ ಹತ್ತಿದ. ಅವನು ಕಣ್ಮರೆಯಾದ ಮೇಲೆ ಸೀಲಪ್ಪ ತಲೆ ತಗ್ಗಿಸಿದ. "ನಾನು ಅವನನ್ನ ದಾರಿ ಕೇಳಿದೆ ಕಣೇ."

ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುತ್ತ, "ನೀವು ಏನು ಕೇಳಿದ್ರೋ ನನಗೆ ಗೊತ್ತಿಲ್ಲ. ನಾನು ಬಂದಾಗ ಸೈಕಲ್ ವಿಚಾರ ಮಾತಾಡ್ತಿದ್ರಿ" ಎಂದಳು. ಆ ಮಾತಿಗೆ ಸೀಲಪ್ಪ ಆಕೆಯ ಕಾಲಿಗೆ ಬೀಳುವುದೊಂದು ಬಾಕಿ.

ಆಮೇಲೆ ಓಟವೋ ಓಟ. ಇಳಿಜಾರು, ಸ್ಟೇಷನ್ನು, ಅದನ್ನು ದಾಟಿ ಆ ಕಡೆ. ದಾರಿಯಲ್ಲಿ ನಿಜವಾದ ವಸ್ತುಸಂಗ್ರಹಾಲಯ ಸಿಕ್ಕಿತು, ನಿಜವಾದ ಉದ್ಯಾನವೂ ಸಿಕ್ಕಿತು. ಯಾರೂ ತಿರುಗಿ ನೋಡಲಿಲ್ಲ. ಐದು ಗಂಟೆಗೆ ಹತ್ತು ನಿಮಿಷವಿರುವಾಗ ಎರಡು ಕಟ್ಟಡಗಳ ನಡುವೆ ರಸ್ತೆ ಇದ್ದಕ್ಕಿದ್ದಂತೆ ಮುಗಿದು, ಮುಂದೆ ಏನೂ ಇಲ್ಲದ ಹಾಗಾಯಿತು. ಬರೀ ನೀರು.

ಹೆಂಡತಿ ಮರಳಿನ ಮೇಲೆ ನಡೆದು ಹೋಗಿ, ಅಲೆ ಬಂದು ಪಾದ ಮುಟ್ಟುವಲ್ಲಿ ನಿಂತಳು. ಒಂದು ಅಲೆ ಬಂತು, ಇನ್ನೊಂದು ಬಂತು, ಅದರ ಹಿಂದೆ ಇನ್ನೊಂದು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು:

"ಮೂರು ಗೆರೆ ಎಲ್ಲಿ ಸಾಕಾಗತ್ತೆ ರೀ ಇದಕ್ಕೆ?"

ಸೀಲಪ್ಪನ ಎದೆ ಉಬ್ಬಿತು. ಕಂಡಿತು, ಗೆದ್ದೆ, ಹೆಂಡತಿಯ ಹೊರತು ಯಾರಿಗೂ ತಿಳಿಯಲಿಲ್ಲ, ಭಾವನ ಎದುರು ಮೀಸೆ ತಿರುವಬಹುದು. ಹೀಗೆಂದುಕೊಂಡು ಗಡಿಯಾರ ನೋಡಿದರೆ ಐದೂಕಾಲು. ಅತ್ತೆಯ ಮಂಡಿ ಊದಿಕೊಂಡಿದೆ, ಇಲ್ಲಿಂದ ನಡೆದರೆ ರೈಲು ಸಿಗುವುದು ಅನುಮಾನ.

"ನಡೆಯೋದ್ಯಾಕೆ ಅಳಿಯಂದಿರೇ?" ಎಂದರು ಅತ್ತೆ, ಮರಳು ಕೊಡವಿಕೊಂಡು ಏಳುತ್ತ. "ಹನ್ನೆರಡನೇ ನಂಬರ್ ಬಸ್ಸಿದೆ. ಆ ಕಂಬದ ಹತ್ತಿರ ನಿಲ್ಲತ್ತೆ. ಹತ್ತು ನಿಮಿಷಕ್ಕೊಂದು. ಸ್ಟೇಷನ್ ಬಾಗಿಲಿಂದ ಸೀದಾ ಸಮುದ್ರಕ್ಕೆ, ಸಮುದ್ರದಿಂದ ಸೀದಾ ಸ್ಟೇಷನ್ನಿಗೆ."

ಸೀಲಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ನಿಮಗೆ ಹೇಗೆ ಗೊತ್ತು?"

"ಬೆಳಗ್ಗೆ ಸ್ಟೇಷನ್ನಲ್ಲಿ ಒಬ್ಬ ಪೆಟ್ಟಿಗೆ ಹೊರೋನು ಹೇಳಿದ. ಕುರ್ಚಿ ಅಂಗಡಿಯೋನೂ ಹೇಳಿದ, 'ಅಮ್ಮಾ, ನೀವು ಉಲ್ಟಾ ಬಂದಿದೀರಿ' ಅಂತ. ಸ್ಮಶಾನದೋನಂತೂ ಪಾಪ, ಪೊರಕೆ ಹಿಡ್ಕೊಂಡು ಬಸ್ಸಿನವರೆಗೂ ಬಿಟ್ಟು ಬರ್ತೀನಿ ಅಂದ."

"ಮತ್ತೆ ಹೇಳಬಾರದಾ ಅತ್ತೆ!"

"ನಾನು ಯಾರನ್ನೂ ಕೇಳಲಿಲ್ಲಪ್ಪ, ಅವರೇ ಹೇಳಿದ್ರು. ತಾವಾಗೇ ಹೇಳಿದ್ರೆ ನಿಮ್ಮ ಕಿವಿಗೆ ಹಾಕಕೂಡದು ಅಂತ ನೀವೇ ಕಾನೂನು ಮಾಡಿದ್ರಲ್ಲ? ಬೆಳಗ್ಗೆಯಿಂದ ಹೊಟ್ಟೇಲಿ ಇಟ್ಕೊಂಡು ಇಟ್ಕೊಂಡು ನನಗೆ ಊಟಾನೂ ಸರಿಯಾಗಿ ಸೇರಲಿಲ್ಲ." ಅತ್ತೆ ಕೋಲೂರಿ ಎರಡು ಹೆಜ್ಜೆ ಇಟ್ಟು ನಿಂತು, ತಿರುಗಿ ನೋಡದೆಯೇ ಹೇಳಿದರು: "ಆ ಟ್ಯಾಂಕಿನ ಹಿಂದೆ ಅಂಚೆಯವನ ಹತ್ತಿರ ಸೈಕಲ್ ವಿಚಾರ ಮಾತಾಡಿದ್ದೂ ನನಗೆ ಕೇಳಿಸ್ತು. ಮಗನಿಗೆ ನಾನು ಹೇಳಲ್ಲ. ಅವನ ಸೀಟಿ ನನಗೂ ಸಾಕಾಗಿದೆ. ಮುಂದಿನ ವರ್ಷ ಬೆಟ್ಟಕ್ಕೆ ಹೋಗೋಣ. ನಾನು ಕರ್ಕೊಂಡು ಹೋಗ್ತೀನಿ."

ಹೆಂಡತಿ ಸಮುದ್ರದ ಕಡೆ ಮುಖ ತಿರುಗಿಸಿಕೊಂಡು ನಿಂತಳು. ಆಕೆಯ ಬೆನ್ನು ಅಲುಗುತ್ತಿತ್ತು. ಈ ಸಲ ಅದು ಅಳುವಲ್ಲ ಎಂಬುದು ಸೀಲಪ್ಪನಿಗೂ ಗೊತ್ತಾಯಿತು.

ಬಸ್ಸು ಬಂತು. ಮುಂದೆ ಅತ್ತೆ, ಅವರ ಹಿಂದೆ ಮಗಳು, ಮಗಳ ಹಿಂದೆ ಹೆಂಡತಿ, ಕಟ್ಟಕಡೆಗೆ ಎರಡು ಹೆಗಲಿಗೆ ಎರಡು ಚೀಲ, ಕುತ್ತಿಗೆಗೆ ನೀರಿನ ಬಾಟಲಿ ನೇತುಹಾಕಿಕೊಂಡ ಅಧ್ಯಕ್ಷರು. ಮೂವರಿಗೂ ಕೂರಲು ಜಾಗ ಸಿಕ್ಕಿತು, ಸೀಲಪ್ಪ ಬಾಗಿಲ ಹತ್ತಿರ ಒಂಟಿಕಾಲಲ್ಲಿ ನಿಂತ.

ಕಂಡಕ್ಟರ್ ಟಿಕೆಟ್ ಪುಸ್ತಕ ಹಿಡಿದು ಬಂದ. ಚೀಲ, ಬಾಟಲಿ, ಕೈಯಲ್ಲಿನ ಭೂಪಟ ಎಲ್ಲ ನೋಡಿದ. ಯಾರೋ ಪ್ರವಾಸದ ಮುಖ್ಯಸ್ಥರಿರಬೇಕು ಎಂದುಕೊಂಡ.

"ಎಲ್ಲಿಗೆ ಸ್ವಾಮಿ?"

ಸೀಲಪ್ಪ ಕಾಗದ ಮಡಿಚಿ ಜೇಬಿಗಿಟ್ಟುಕೊಂಡು, ಗದ್ದದಿಂದ ಮುಂದಿನ ಸೀಟು ತೋರಿಸಿದ.

"ಅಲ್ಲಿ ಕೂತಿದಾರಲ್ಲ, ಅವರನ್ನ ಕೇಳಿ."